ಎಕಂಬಾದ ಹದಿನಾಲ್ಕು ಪಾಳಿ

ಕೋವಿಡ್ ಕಳೆದ ಮರುವರ್ಷ ನಾನು ಬೀದರಿನ ಚಿದ್ರಿಯಲ್ಲಿ ಒಂದು ಸಾಫ್ಟ್‌ವೇರ್ ಕಚೇರಿಯ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ. ಕಚೇರಿಯೆಂದರೆ ನಮ್ಮ ಮನೆಯ ಮುಂದಿನ ಕೋಣೆ. ನಾನು ಹತ್ತನೆಯ ತರಗತಿಗೆ ಓದು ನಿಲ್ಲಿಸಿದವನು. ಅದಕ್ಕೆ ಮೊದಲು ಹಳ್ಳಿ ಹಳ್ಳಿ ತಿರುಗಿ ಸಿಮ್ ಕಾರ್ಡ್ ಮಾರುತ್ತಿದ್ದೆ. ಪ್ರೋಗ್ರಾಂ ಬರೆಯುತ್ತಿದ್ದವಳು ಎಂಸಿಎ ಓದಿದ ತಂಗಿ ಸುನೀತಾ. ಗಿರಾಕಿಗೆ ಏನು ಬೇಕೆಂದು ಕೇಳಿ ಬರೆದುಕೊಳ್ಳುವುದಕ್ಕೆ ರಿಕ್ವೈರ್‌ಮೆಂಟ್ ಎನ್ನುತ್ತಾರೆ. ತಯಾರಾದದ್ದನ್ನು ಬಳಸುವವರ ಕೈಗೇ ಕೊಟ್ಟು ನೋಡುವುದು ಟೆಸ್ಟಿಂಗ್. ಈ ಎರಡೂ ನನ್ನ ಕೆಲಸ.

ಭಾಲ್ಕಿಯ ಒಂದು ರೈತರ ಕಂಪನಿ ಸೋಯಾ ರಾಶಿ ಮಾಡುವ ಮೂರು ಯಂತ್ರ ಕೊಂಡಿತ್ತು. ರೈತರು ಫೋನಿನಲ್ಲಿ ಪಾಳಿ ಹಚ್ಚಬೇಕು, ಎಂದರೆ ತಮ್ಮ ಸರದಿ ಕಾದಿರಿಸಬೇಕು, ಯಂತ್ರ ಬರುವ ದಿನದ ಮೆಸೇಜ್ ಅವರಿಗೆ ಹೋಗಬೇಕು. ಇದಕ್ಕೆ ಆರು ವಾರದ ಗಡುವು. ಇದು ಸರಿಹೋದರೆ ಕಂಪನಿಯ ಎಲ್ಲ ಕೆಲಸವನ್ನೂ ಸುನೀತಾಳಿಗೇ ಕೊಡುತ್ತೇವೆಂದು ಅಧ್ಯಕ್ಷರು ಹೇಳಿದ್ದರು.

ಒಬ್ಬರೇ ಎರಡು ಪಾಳಿ ಹಿಡಿಯಬಾರದೆಂದು ಸುನೀತಾ ಒಂದು ನಿಯಮ ಯೋಚಿಸಿದಳು: ಒಂದು ನಂಬರಿಗೆ ಒಂದೇ ಪಾಳಿ, ಅದೇ ನಂಬರಿನಿಂದ ಮತ್ತೆ ಹಚ್ಚಿದರೆ ಹಳೆಯದು ಅಳಿಸಿಹೋಗುತ್ತದೆ. ಆದರೂ ಅವಳಿಗೆ ಅನುಮಾನವಿತ್ತು. "ಅಣ್ಣಾ, ಮನಿಗೊಂದು ನಂಬರ್ ಇರ್ತದೇನು, ಎಕಂಬಾಕ್ಕ ಹೋಗಿ ಕೇಳ್ಕೊಂಡು ಬಾ," ಎಂದಳು.

ಎಕಂಬಾ ಆ ಕಂಪನಿಯ ರೈತರಿದ್ದ ಒಂದು ಹಳ್ಳಿ, ಅಲ್ಲಿಗೆ ಔರಾದಿನಲ್ಲಿ ಬಸ್ಸು ಬದಲಿಸಬೇಕು. ನಾನು ಔರಾದಿನವರೆಗೆ ಹೋದೆ. ಎಕಂಬಾದ ಬಸ್ಸು ಬರಲಿಲ್ಲ, ಬಿಸಿಲಿತ್ತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ ಇಬ್ಬರನ್ನು ಕೇಳಿದೆ. "ಈಗ ಯಾರ ಬಲ್ಲಿ ಫೋನ್ ಇಲ್ರಿ?" ಎಂದರು. 'ಮನೆಗೊಂದು ನಂಬರ್: ಹೌದು' ಎಂದು ಬರೆದುಕೊಂಡೆ. ಟೆಸ್ಟಿಂಗ್ ದಿನವೂ ಅದೇ ಹೋಟೆಲು, ಅದೇ ಬೆಂಚು. ನನ್ನ ಫೋನಿನಿಂದಲೇ ಎಕಂಬಾದ ಹೆಸರಿನಲ್ಲಿ ಒಂದು ಪಾಳಿ ಹಚ್ಚಿ ನೋಡಿ, ಹಾಳೆಯಲ್ಲಿ 'ಎಕಂಬಾ: ಆಗಿದೆ' ಎಂದು ಬರೆದೆ.

ಸೋಯಾ ಕೊಯ್ಲಾಯಿತು. ಎಕಂಬಾದ ಹದಿನಾಲ್ಕು ಮನೆಯವರು ಕಿರಾಣಿ ಅಂಗಡಿಯ ಖಾದರ್ ಚಾಚಾನ ಬಳಿ ಹೋಗಿ, ಅವನ ಫೋನಿನಿಂದಲೇ ಪಾಳಿ ಹಚ್ಚಿಸಿದರು. ಪ್ರತಿ ಸಲವೂ ಹಿಂದಿನದು ಅಳಿಸಿಹೋಗಿ, ಉಳಿದದ್ದು ಕೊನೆಯದೊಂದೇ. ಯಂತ್ರ ಬಂತು, ಒಂದು ಬಣವೆ ಮುಗಿಸಿತು. ಡ್ರೈವರ್ ಫೋನ್ ನೋಡಿ "ಇನ್ನ ಈ ಊರಾಗ ಯಾರದೂ ಪಾಳಿ ಇಲ್ರಿ" ಎಂದವನೇ ಮುಂದಿನ ಊರಿಗೆ ಹೊರಟುಹೋದ. ಮರುದಿನ ಹಿಡಿದ ಮಳೆ ಮೂರು ದಿನ ಬಿಡಲಿಲ್ಲ.

ಭಾಲ್ಕಿಯಲ್ಲಿ ಸಭೆ ಕರೆದರು. ಎಕಂಬಾದ ಶಾಂತಾಬಾಯಿ ಸೆರಗಿನಲ್ಲಿ ಕಟ್ಟಿ ತಂದ ಸೋಯಾವನ್ನು ಸುನೀತಾಳ ಮುಂದೆ ಮೇಜಿನ ಮೇಲೆ ಸುರಿದಳು. ಕಾಳು ಮೊಳಕೆ ಬಂದಿತ್ತು.

"ನೋಡ ತಾಯಿ, ಹದಿಮೂರ ಮನಿ ನುಂಗಿ ಒಂದೇ ಉಳಿಸ್ಯಾದ ನಿನ್ನ ಕಂಪ್ಯೂಟರ್."

ಖಾದರ್ ಚಾಚಾ ಮೆಲ್ಲಗೆ ಹೇಳಿದ: "ಬೇಟಿ, ಫೋನ್ ಎಲ್ಲಾರ ಬಲ್ಲಿನೂ ಅದ. ಮೆಸೇಜ್ ಓದಿ ಹೇಳಾಂವ ನಾ ಒಬ್ಬನೇ. ಗ್ಯಾಸ್ ಇರ್ಲಿ, ರೇಷನ್ ಇರ್ಲಿ, ಎಲ್ಲಾರೂ ನನ್ನ ನಂಬರೇ ಕೊಡ್ತಾರ. ಅಂಗಡಿ ಮುಂದ ಒಂದು ಘಳಿಗಿ ನಿಂತಿದ್ರ ತಿಳೀತಿತ್ತು."

ಚಾಚಾನಿಗೆ ಆ ಸಿಮ್ ಮಾರಿದವನು ನಾನೇ. ಊರವರು ಅವನ ಸುತ್ತ ನಿಂತು ಮೆಸೇಜ್ ಓದಿಸುವುದನ್ನು ಎಷ್ಟೋ ಸಲ ಕಂಡಿದ್ದೆ. ಹೋಗಿದ್ದರೆ ನೆನಪಾಗುತ್ತಿತ್ತು.

"ಎಕಂಬಾಕ್ಕ ಹೋಗಿ ನೋಡಿ ಬಂದವ್ರು ಯಾರ್ರಿ?" ಅಧ್ಯಕ್ಷರು ಕೇಳಿದರು.

ಸುನೀತಾ ಒಮ್ಮೆ ನನ್ನತ್ತ ನೋಡಿದಳು. ನಾನು ಮೇಜಿನ ಮೇಲಿನ ಕಾಳು ನೋಡುತ್ತ ಕೂತೆ.

"ಪ್ರೋಗ್ರಾಂ ಬರದಾಕಿ ನಾನ್ರಿ," ಎಂದಳು ಅವಳು. "ತಪ್ಪು ನಂದು."

ಆಗಲೂ ನಾನು ಬಾಯಿ ಬಿಡಲಿಲ್ಲ. ಅಧ್ಯಕ್ಷರು ಎಲ್ಲರೆದುರು ಅವಳನ್ನು ಬೈದರು, ಕೆಲಸ ಬೇರೆಯವರಿಗೆ ಹೋಯಿತು. ಅವಳೊಬ್ಬಳೇ ಎಕಂಬಾಕ್ಕೆ ಹೋಗಿ ಹದಿಮೂರು ಮನೆಯ ಬಾಗಿಲಲ್ಲಿ ನಿಂತು ಬೈಗುಳ ತಿಂದಳು. ನಾನು ಔರಾದಿನವರೆಗೆ ಜೊತೆಗೆ ಬಂದು, ಅದೇ ಹೋಟೆಲಿನಲ್ಲಿ ಕಾದೆ. ಮರಳುವ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು:

"ಎಕಂಬಾದ ಟೆಸ್ಟಿಂಗ್ ನಿನ್ನ ನಂಬರಿಂದ ಆಗ್ಯಾದ, ಅಣ್ಣಾ. ಸಭಾಕ್ಕ ಹೋಗೋಕಿಂತ ಮೊದ್ಲೇ ನೋಡೀನಿ."

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ನಮ್ಮ ಹಾಳೆಯಲ್ಲಿ ಮಾತ್ರ ಒಂದು ಹೊಸ ಕಾಲಂ ಬಂತು: 'ಕಣ್ಣಾರೆ ಕಂಡವರು ಯಾರು?' ಗಡುವು, ಯೋಜನೆ, ಪಟ್ಟಿ ಎಂದು ಈ ಕೆಲಸದಲ್ಲಿ ಕಲಿಯುವುದು ಬಹಳವಿದೆ. ನನ್ನ ತಲೆಗೆ ಹತ್ತಿದ್ದು ಇಷ್ಟು: ಎಲ್ಲವೂ ನಿಂತಿರುವುದು 'ಆಗಿದೆ' ಎಂಬ ಒಂದು ಮಾತಿನ ಮೇಲೆ. ನೋಡದವನು ಅದನ್ನು ಬರೆದರೆ, ಅದರ ಭಾರ ಬರೆದವನ ಮೇಲೆ ಬೀಳುವುದಿಲ್ಲ. ಅವನನ್ನು ನಂಬಿದವರ ಮೇಲೆ ಬೀಳುತ್ತದೆ.

ಕಳೆದ ವಾರ ಭಾಲ್ಕಿಗೆ ಹೋಗಿ ಅಧ್ಯಕ್ಷರ ಮುಂದೆ ಎಲ್ಲ ಹೇಳಿದೆ. ಅವರು, "ಆ ಹುಡುಗಿಗಿ ನಾ ಭಾಳ ಅಂದಿದ್ನಲ್ರಿ," ಎಂದರು. ಮನೆಗೆ ಬಂದು ಸುನೀತಾಳಿಗೆ ತಿಳಿಸಿದೆ.

"ಹೋಗಿದ್ದಿ ಏನು, ಫೋನ್ ಹಚ್ಚಿ ಹೇಳಿದಿ?"

"ಹೋಗಿದ್ದೆ."

ಅವಳು ಕೈ ಚಾಚಿದಳು. ಕಿಸೆಯಿಂದ ಬಸ್ ಟಿಕೆಟ್ ತೆಗೆದು ಕೊಟ್ಟೆ. ಅವಳು ಅದನ್ನು ಎರಡು ಸಲ ಓದಿದಳು.