ಗಾಣದ ಹೊಗೆಯ ಕೆಮ್ಮು

ನಮ್ಮ ಮೂಡಲಗಿ ಕಡೆ ಕಬ್ಬಿನ ಹಂಗಾಮಿನಲ್ಲಿ ಕೆಮ್ಮುವವನನ್ನು ಯಾರೂ ಏನಾಯಿತೆಂದು ಕೇಳುವುದಿಲ್ಲ. ಬೆಲ್ಲದ ಗಾಣದಲ್ಲಿ ಒಲೆಗೆ ರವದಿ, ಅಂದರೆ ಕಬ್ಬಿನ ಒಣ ಸೋಗೆ, ತುರುಕುವವನು ಕೆಮ್ಮಲೇಬೇಕು. ‘ಗಾಣದ ಹೊಗಿ’ ಅಂದರೆ ಮಾತು ಮುಗಿಯಿತು. ಅದು ರೋಗವಲ್ಲ, ನೌಕರಿಯ ಗುರುತು.

ನನ್ನ ಕಾಕಾನಿಗೆ ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯ ಗಾಣದಲ್ಲಿ ಅಂಥ ನೌಕರಿ. ಹಂಗಾಮು ಮುಗಿದ ಮೇಲೆ ನನ್ನನ್ನು ಬೈಕಿನ ಹಿಂದೆ ಹೇರಿಕೊಂಡು ಗೋಕಾಕಕ್ಕೆ ಡಯಾಲಿಸಿಸ್‌ಗೆ ಒಯ್ಯುವ ಕೆಲಸ. ನನ್ನ ಎರಡೂ ಕಿಡ್ನಿ ಕೈಕೊಟ್ಟಿವೆ. ಊರವರ ದನಿಯನ್ನೆಲ್ಲ ನುಂಗಿ ಥೇಟ್ ಹಾಗೇ ಹೊರಹಾಕುವ ನನಗೆ ಕುಡಿದ ನೀರನ್ನು ಹೊರಹಾಕಲು ಬರುವುದಿಲ್ಲ. ಒಮ್ಮೆ ಡಯಾಲಿಸಿಸ್ ಯಂತ್ರದ ಕೂಗನ್ನು ಅಣಕಿಸಿ ನರ್ಸ್ ಓಡಿ ಬರುವಂತೆ ಮಾಡಿ ಬೈಸಿಕೊಂಡಿದ್ದೇನೆ.

ಕಾಕಾನ ಕೆಮ್ಮನ್ನೂ ಅಣಕಿಸುತ್ತಿದ್ದೆ. ಗಾಣದ ಕೆಮ್ಮು ಗಂಟಲಿನದು, ಸುಲಭ. ಆದರೆ ಈ ಸಲ ಒಲೆ ತಣ್ಣಗಾದರೂ ಕೆಮ್ಮು ತಣ್ಣಗಾಗಲಿಲ್ಲ. ಅದನ್ನು ಅಣಕಿಸಬೇಕಾದರೆ ಪಕ್ಕೆಲುಬಿನ ಕೆಳಗಿನಿಂದ ಎಳೆಯಬೇಕಿತ್ತು. ನನ್ನ ಎದೆಯೇ ನೋಯುತ್ತಿತ್ತು.

ಅದೇ ಹೊತ್ತಿಗೆ ಡಾಕ್ಟರರು ಹೇಳಿದರು: “ಕಿಡ್ನಿ ಹೋದವರ ಮೈಗೆ ಕಾವಲು ಸಡಿಲ ಇರತೈತಿ. ಟಿ.ಬಿ. ಲಗೂನ ಹತ್ತತೈತಿ. ಕೆಮ್ಮೋರ ಬಾಜೂ ಕೂರಬ್ಯಾಡ.”

ನನಗೆ ಬೈಕು ಕಣ್ಣೆದುರು ಬಂತು. ಮುಂದೆ ಕಾಕಾ, ಹಿಂದೆ ನಾನು, ಗಾಳಿಯೆಲ್ಲ ನನ್ನ ಮುಖಕ್ಕೆ.

“ಕಾಕಾ, ಕಫ ತಪಾಸ ಮಾಡಿಸೂಣು. ಟಿ.ಬಿ. ಇರಬಹುದು.”

“ಇದು ಯಾರ ದನಿ? ಡಾಕ್ಟರಂದಾ?”

“ನಂದ.”

“ನಿಂದೂ ಒಂದು ದನಿ ಐತೇನೋ?”

ಅವ್ವನೂ ನಕ್ಕಳು. “ಹೊಗಿ ಎದಿಯಾಗ ಕುಂತಿರತೈತಿ. ಒಂದು ತುಣುಕು ಬೆಲ್ಲ ತಿಂದ್ರ ಇಳೀತೈತಿ.” ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆಡಿದ್ದೆಲ್ಲ ಆಟವೆಂದುಕೊಳ್ಳುವ ಮನೆಯಲ್ಲಿ ಖರೆ ಹೇಳುವುದಾದರೂ ಹೇಗೆ?

ಮುಂದಿನ ಡಯಾಲಿಸಿಸ್‌ನ ದಿನ ನಾನು ಕಟ್ಟೆ ಬಿಟ್ಟು ಏಳಲಿಲ್ಲ.

“ಹತ್ತೋ,” ಅಂದ ಕಾಕಾ, ಬೈಕು ಚಾಲೂ ಮಾಡಿ.

“ಹತ್ತಿದ್ರ ಹತ್ತತೈತಿ ಕಾಕಾ. ನೀ ಕಫ ಕೊಡೂತನಕಾ ನಾ ಬರಂಗಿಲ್ಲ.”

“ಬರದಿದ್ರ ಸಾಯ್ತಿ.”

“ಬಂದ್ರೂ ಅದ ಆಗತೈತಲ್ಲ.”

ಮಧ್ಯಾಹ್ನದ ಹೊತ್ತಿಗೆ ಕಾಲು ಬಾತು ಕಂಬವಾದವು, ಉಸಿರು ಸಿಗದಾಯಿತು. ಕಾಕಾ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕುಳಿತ. “ಈ ತೇಕು ಯಾರದೋ?” ಎಂದು ಕೇಳಿದ. “ನಂ...” ಅನ್ನುವಷ್ಟರಲ್ಲಿ ನನ್ನ ಗಾಳಿ ಮುಗಿಯಿತು. ಅವನು ತಡಬಡಿಸಿ ರಿಕ್ಷಾ ತಂದ. ಬಾಯಿಗೆ ಟವೆಲ್ ಸುತ್ತಿಕೊಂಡು ಡ್ರೈವರನ ಬದಿಗೆ ಕುಳಿತು, ಹಿಂದೆ ತಿರುಗದೆಯೇ, “ಮೊದಲ ನೀ ಮಶಿನ್‌ಗೆ ಹೋಗು. ನಾ ಉಗುಳಿ ಬರ್ತೇನಿ,” ಅಂದ.

ಆ ಕಫದಲ್ಲಿ ಟಿ.ಬಿ. ಸಿಕ್ಕಿತು.

ಮನೆಮಂದಿಗೆಲ್ಲ ತಪಾಸಣೆಯಾಯಿತು. ಸೋಂಕಿದ್ದರೆ ಸೂಜಿ ಚುಚ್ಚಿದ ಜಾಗ ಉಬ್ಬುತ್ತದಂತೆ; ನನ್ನ ಮುಂಗೈಯಲ್ಲಿ ಉಬ್ಬಲಿಲ್ಲ. ಗೆದ್ದೆ ಅಂದುಕೊಂಡೆ. ಡಾಕ್ಟರರು ತಲೆ ಅಲ್ಲಾಡಿಸಿದರು. ನಿನ್ನಂಥವರ ಮೈಗೆ ಉಬ್ಬಿ ತೋರಿಸುವಷ್ಟೂ ತ್ರಾಣ ಇರುವುದಿಲ್ಲ, ಉಬ್ಬಲಿಲ್ಲವೆಂದರೆ ಸೋಂಕು ಇಲ್ಲವೆಂದಲ್ಲ ಎಂದರು. ಎಕ್ಸ್‌ರೇ ಸ್ವಚ್ಛವಿತ್ತು. ಆದರೂ ಮುಂಜಾಗ್ರತೆಗೆ ಗುಳಿಗೆ ಬರೆದುಕೊಟ್ಟರು. ಸುಸ್ತು, ಹಸಿವಿಲ್ಲದಿರುವುದು, ತೂಕ ಇಳಿಯುವುದು ಕಂಡರೆ ಬಂದು ಹೇಳಬೇಕಂತೆ. ಅವೆಲ್ಲ ಕಿಡ್ನಿಯ ದೆಸೆಯಿಂದ ನನಗೆ ಮೊದಲೇ ಇವೆ. ಯಾವ ಸುಸ್ತು ಯಾವ ರೋಗದ್ದೆಂದು ಹೇಗೆ ಗುರುತಿಸಲಿ?

ಅಂಗಳದಾಚೆ ಬೇರೆ ಹಾಸಿಗೆ ಹಾಕಿಕೊಂಡಿದ್ದ ಕಾಕಾ ಕೂಗಿ ಕೇಳಿದ: “ಹತ್ತೇತೋ ಇಲ್ಲೋ? ಒಂದು ಹೇಳೋ.”

“ಡಾಕ್ಟರಿಗೂ ಗೊತ್ತಿಲ್ಲಂತ.”

“ಡಾಕ್ಟರ್ ಆಗಿ ಗೊತ್ತಿಲ್ಲಂದ್ರ ಹೆಂಗ?”

ಅವನಿಗೂ ಸಿಟ್ಟು, ನನಗೂ ಸಿಟ್ಟು. ಇಬ್ಬರೂ ಅಂಗಳದ ಎರಡು ತುದಿಗೆ ಕುಳಿತು ನಮ್ಮ ನಮ್ಮ ಗುಳಿಗೆ ಬಾಯಿಗೆ ಹಾಕಿಕೊಂಡೆವು. ಅವನು ತಂಬಿಗೆ ತುಂಬ ನೀರು ಗಟಗಟನೆ ಕುಡಿದ. ನನಗೆ ಅವ್ವ ಅಳೆದು ಕೊಟ್ಟ ಗುಟುಕು ಮುಗಿದಿತ್ತು. ಗುಳಿಗೆ ಇನ್ನೂ ಗಂಟಲಲ್ಲೇ ಇತ್ತು.