ಹುಳದ ಮನೆಯ ಹೆರಿಗೆ

ಮೊನ್ನೆ ಚಿಂತಾಮಣಿಯ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸಿನ ಸೀರೆಯಿಂದ ರೇಷ್ಮೆಹುಳು ಸಾಕುವ ಮನೆಯ ವಾಸನೆ ಬಂತು. ಹಸಿ ಹಿಪ್ಪುನೇರಳೆ ಸೊಪ್ಪು, ಅದರಡಿ ಬೆಚ್ಚಗಿನ ಹಿಕ್ಕೆ. ನಿಮಗೆ ಆ ವಾಸನೆ ಗೊತ್ತಿಲ್ಲದಿದ್ದರೆ ವರ್ಣಿಸಿ ಪ್ರಯೋಜನವಿಲ್ಲ. ಗೊತ್ತಿದ್ದರೆ, ಅದು ಒಗೆದರೂ ಹೋಗುವುದಿಲ್ಲವೆಂದು ಬಲ್ಲಿರಿ.

ಅರವತ್ತರ ದಶಕದ ಮೊದಲಲ್ಲಿ ನಾನು ಕೆಂಚಾರ್ಲಹಳ್ಳಿಯಿಂದ ಬೆಂಗಳೂರಿಗೆ ನರ್ಸಿಂಗ್ ಓದಲು ಹೋದಾಗ ಆ ವಾಸನೆಯೂ ನನ್ನ ಟ್ರಂಕಿನಲ್ಲಿ ಬಂದಿತ್ತು. ಹಾಸ್ಟೆಲಿನ ಹುಡುಗಿಯರು ಮೂಗು ಮುಚ್ಚಿಕೊಂಡು, "ಬಂದ್ಲು ಕಣೇ ಹುಳದಮ್ಮ, ಸೊಪ್ಪು ಹಾಕ್ರೇ" ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಇರಲು ಬೇಕಾದ ಶಕ್ತಿ ವಾರ್ಡಿನ ಕೆಲಸ ಮುಗಿದ ಮೇಲೆ ಉಳಿಯುತ್ತಿರಲಿಲ್ಲ. ಆ ವರ್ಷಗಳೆಂದರೆ ನನಗೆ ನೆನಪಿರುವುದು ಮುಖಗಳಲ್ಲ, ಕಾಲುನೋವು.

ಮೂರನೆಯ ವರ್ಷ, ಮನೆಗಳಲ್ಲಿ ಹೆರಿಗೆ ಮಾಡಿಸುವುದನ್ನು ಕಲಿಯಲೆಂದು ನನ್ನನ್ನು ದಿಬ್ಬೂರಹಳ್ಳಿಯ ಕಡೆಗೆ ಹಾಕಿದರು. ಅಲ್ಲಿನ ಸೂಲಗಿತ್ತಿ ನರ್ಸು ಪದ್ಮಾವತಮ್ಮನವರ ಕೈಕೆಳಗೆ ಎರಡು ತಿಂಗಳು. ಒಂದು ಬೆಳಿಗ್ಗೆ ಅವರು ಬೇರೆ ಊರಿಗೆ ಹೋಗಿದ್ದಾಗ ಕರೆ ಬಂತು. ಮುನಿರತ್ನ ಎಂಬವಳಿಗೆ ಚೊಚ್ಚಲ ಹೆರಿಗೆ. ನಾನೊಬ್ಬಳೇ ಬ್ಯಾಗು ಹಿಡಿದು ಹೋದೆ.

ಮುಂದಿನದನ್ನು, ಪಾಠ ಹೇಳುವ ಕೆಲಸದಲ್ಲಿದ್ದ ಮೂವತ್ತು ವರ್ಷವೂ, ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದದ್ದು ಹೀಗೆ: ಮನೆ ತುಂಬ ಇನ್ನೇನು ಗೂಡು ಕಟ್ಟುವ ಹುಳು. ಕಾರ್ಬಾಲಿಕ್ ಸೋಪಿನ ವಾಸನೆಗೆ ಅವು ಸಾಯುತ್ತವೆಂದು ಮುನಿರತ್ನಳ ಅತ್ತೆ ಗಂಗುಲಮ್ಮ ನನ್ನ ಕೈಯಿಂದ ಸೋಪು ಕಿತ್ತುಕೊಂಡಳು. ಬರಿ ಬಿಸಿನೀರಿನಲ್ಲಿ ಕೈ ತೊಳೆದು ಹೆರಿಗೆ ಮಾಡಿಸಬೇಕಾಯಿತು. ಬಾಣಂತಿಗೆ ನಂಜೇರಿತು. ಬರೆದುಕೊಳ್ಳಿ. ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಎಷ್ಟು ಸಲ ಹೇಳಿದೆನೆಂದರೆ, ಮುದುಕಿಯ ಉಗುರು ನನ್ನ ಅಂಗೈಗೆ ತಾಗಿದ್ದು ಕೂಡ ನೆನಪಾಗತೊಡಗಿತ್ತು.

ತಾಗಿರಲಿಲ್ಲ.

ನಡುಮನೆಯಲ್ಲಿ ಹುಳುವಿನ ತಟ್ಟೆಗಳ ಸಾಲು, ಎಲೆ ಮೇಯುವ ಸದ್ದು, ಹಿಂದಿನ ಕೋಣೆಯಲ್ಲಿ ಮುನಿರತ್ನ. ಇಷ್ಟು ನಿಜ. ನಾನು ಸೋಪು ಹೊರಗೆ ತೆಗೆದೆ. ಗಂಗುಲಮ್ಮ ಅದನ್ನೂ ನನ್ನನ್ನೂ ನೋಡಿದಳು.

"ಅದು ಬೇಕೇ ಬೇಕೇನಮ್ಮ?"

"ಕೈಗೆ ಹಾಕ್ಕೋಬೇಕು ಅಜ್ಜಿ."

"ಹಾಕ್ಕೊ ಮತ್ತೆ. ಹುಳ ಹೋದ್ರೆ ಇನ್ನೊಂದು ಬೆಳೆ ತೆಗಿಯಣ, ಹುಡ್ಗಿ ಹೋದ್ರೆ ಎಲ್ಲಿಂದ ತರಣ. ಯಾವೂರಮ್ಮ ನಿಂದು?"

"ಕೆಂಚಾರ್ಲಹಳ್ಳಿ. ನಮ್ಮನೇಲೂ ಹುಳ ಮೇಯಿಸ್ತೀವಿ." ಹೇಳುತ್ತಲೇ ಸೋಪನ್ನು ಬ್ಯಾಗಿಗೆ ಹಾಕಿದೆ. "ಈ ವಾಸ್ನೆ ಅವು ತಡ್ಕೊಳ್ಳಲ್ಲ. ಬಿಸಿನೀರೇ ಸಾಕು ಬಿಡಿ."

ಮುದುಕಿಯ ಮುಖ ಅರಳಿತು. "ಅಯ್ಯೋ, ನೀನು ನಮ್ಮೋಳೇ ಕಣಮ್ಮ."

ಎರಡೂವರೆ ವರ್ಷದಲ್ಲಿ ಮೊದಲ ಸಲ ಯಾರೋ ನನ್ನನ್ನು ನಮ್ಮವಳು ಅಂದಿದ್ದರು.

ಮಗು ಸುಸೂತ್ರವಾಗಿ ಹುಟ್ಟಿತು. ಮೂರನೆಯ ದಿನ ಮುನಿರತ್ನಳಿಗೆ ಚಳಿಜ್ವರ. ಪದ್ಮಾವತಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಸೋಪು ಹಾಕಿ ತೊಳ್ದಿದ್ದೇನೇ? ನಿಜ ಹೇಳು" ಎಂದರು. "ಹೂಂ ಮೇಡಂ" ಎಂದೆ. ಅವರು ನಂಬಿದರು. ಹಾಗಾದರೆ ಮಲೇರಿಯಾ ಇರಬೇಕೆಂದು ಅದರ ಮಾತ್ರೆ ಕೊಟ್ಟು ಒಂದು ದಿನ ಕಾದರು. ಮರುದಿನ ನಾನೇ ನಿಜ ಹೇಳಿದೆನೋ, ಅವರೇ ನೀರು ಸೋಕದ ಸೋಪನ್ನು ಬ್ಯಾಗಿನಲ್ಲಿ ಕಂಡರೋ, ಈಗ ಎರಡೂ ನೆನಪಾಗುತ್ತವೆ, ಎರಡನ್ನೂ ನಂಬಲಾರೆ. ಎತ್ತಿನಗಾಡಿಯಲ್ಲಿ ಶಿಡ್ಲಘಟ್ಟ, ಅಲ್ಲಿಂದ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆ. ಪೆನಿಸಿಲಿನ್ ಕೊಟ್ಟರು. ಎರಡು ದಿನ ಬದುಕಿದ್ದಳು.

ಗಂಗುಲಮ್ಮ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು. "ಅಳಬ್ಯಾಡಮ್ಮ. ನೀನೇನು ಕಮ್ಮಿ ಮಾಡ್ದೆ? ಹುಳದ ಮನೇಲಿ ಹೆರಿಗೆಗೆ ಇಟ್ಕೊಂಡಿದ್ದು ನಂದೇ ತಪ್ಪು."

ತಪ್ಪನ್ನು ಅವಳೇ ತನ್ನ ಮೇಲೆ ಹಾಕಿಕೊಂಡಳು. ನಾನು ಬೇಡವೆನ್ನಲಿಲ್ಲ, ಅವಳಲ್ಲೇ ಇರಲೆಂದು ಬಿಟ್ಟೆ. ಸೋಪು ಕಿತ್ತುಕೊಂಡ ಕಥೆ ಬಹುಶಃ ಆ ಮೆಟ್ಟಿಲ ಮೇಲೇ ಹುಟ್ಟಿತು.

ಈಗ ಅದನ್ನು ಹೊತ್ತು ಸಾಕಾಗಿದೆ. ನನ್ನ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ತಾವೇ ಪಾಠ ಹೇಳುತ್ತಾರೆ. ಯಾವುದೋ ತರಗತಿಯಲ್ಲಿ ಇವತ್ತೂ ಗಂಗುಲಮ್ಮ ಬೈಸಿಕೊಳ್ಳುತ್ತಿರಬಹುದು. ಅವರಲ್ಲಿ ಮೂವರ ವಿಳಾಸ ನನ್ನ ಹತ್ತಿರ ಇದೆ. ಮೂರು ಅಂಚೆಕಾರ್ಡು ತರಿಸಿದ್ದೇನೆ. ಕ್ಷೇಮಸಮಾಚಾರದ ಸಾಲುಗಳನ್ನು ಬರೆದು ಹೊಡೆದುಹಾಕಿದೆ. ಉಳಿದದ್ದು ಒಂದೇ ಸಾಲು: ಮುದುಕಿ ಸೋಪು ಹಾಕ್ಕೊ ಅಂದಿದ್ದಳು.