ಮೂವತ್ತೆಂಟು ಬಿ, ಮೂವತ್ನಾಲ್ಕು ಡಿ

ನಮ್ಮ ಬಟ್ಟೆ ಒಗೆಯುವ ಮಿಷನ್ನು ಹದಿನೈದು ದಿನದಿಂದ ಕಟಕಟ ಸದ್ದು ಮಾಡುತ್ತಿತ್ತು. ಈ ಭಾನುವಾರ ಹುಣಸೂರಿನಿಂದ ಬಂದ ಮೆಕ್ಯಾನಿಕ್ಕು ಅದರ ಹೊಟ್ಟೆ ಬಿಚ್ಚಿ, ಬಾಗಿದ ತಂತಿಯೊಂದನ್ನು ಎತ್ತಿ ಹಿಡಿದು, "ಸಾರ್, ಇದ್ಯಾವ ಪಾರ್ಟು ಅಂತ ಗೊತ್ತಾಯ್ತಿಲ್ಲ ಕಣ್ರಿ" ಎಂದ. ನನ್ನ ಗಂಡ ಕನ್ನಡಕ ಸರಿಮಾಡಿಕೊಂಡು ಪರೀಕ್ಷಿಸಿ, "ಬಕೆಟ್ಟಿನ ಹಿಡಿ ಇರಬೇಕು" ಎಂದು ತೀರ್ಪು ಕೊಟ್ಟರು.

ಅದು ನನ್ನ ಬ್ರಾದ ತಂತಿ. ಇಪ್ಪತ್ತೆರಡು ವರ್ಷ ಜೊತೆಗೆ ಸಂಸಾರ ಮಾಡಿದವರು ಅವರು. ಆದರೂ ದೂರುವ ಹಾಗಿಲ್ಲ. ಮೂರು ವರ್ಷದ ಹಿಂದಿನವರೆಗೆ ಆ ವಿಷಯದಲ್ಲಿ ನನ್ನ ತಿಳಿವಳಿಕೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಮೊದಲನೆಯದನ್ನು ಕೊಡಿಸಿದ್ದು ಅಮ್ಮ, ಕೆ.ಆರ್. ನಗರದ ಒಂದು ಜವಳಿ ಅಂಗಡಿಯಲ್ಲಿ. ಅಂಗಡಿಯವರು ಫ್ಯಾನು ನೋಡುತ್ತಾ "ಮೂವತ್ತೆರಡು ಸಾಕಲ್ವಾ?" ಎಂದರು. ಅಮ್ಮ ನೆಲ ನೋಡುತ್ತಾ "ಸಾಕು" ಎಂದಳು. ನನ್ನನ್ನು ಯಾರೂ ನೋಡಲಿಲ್ಲ. ಅಳತೆ ಅಲ್ಲಿಗೆ ಮುಗಿಯಿತು. ಮುಂದೆ ಬಿಗಿಯೆನಿಸಿದಾಗಲೆಲ್ಲ ನಾನೇ ನಂಬರು ಏರಿಸುತ್ತಾ ಹೋದೆ; ಮಗಳು ಹುಟ್ಟಿದ ಮೇಲೆ ಮೂವತ್ತೆಂಟಕ್ಕೆ ಬಂದು ನಿಂತೆ. ಪಕ್ಕದ 'ಬಿ' ಮಾತ್ರ ಬದಲಾಗಲಿಲ್ಲ. ಸೈಟುಗಳಿಗೆ ಎ ಖಾತೆ, ಬಿ ಖಾತೆ ಇರುವ ಹಾಗೆ ಅದೂ ಏನೋ ದರ್ಜೆ, ನಮ್ಮ ತಾಲ್ಲೂಕಿಗೆ ಬಿ ಮಾತ್ರ ಮಂಜೂರಾಗಿದೆ ಅಂದುಕೊಂಡಿದ್ದೆ. ನಗಬೇಡಿ, ನಾನು ಗಣಿತದ ಟೀಚರು.

ಪಿರಿಯಾಪಟ್ಟಣದ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಸಾಕು, ಒಳಗಿದ್ದದ್ದೂ ಕೈಯ ಜೊತೆಗೆ ಮೇಲೇರುತ್ತಿತ್ತು. ಹಾಗಾಗಿ ಬೋರ್ಡಿನ ಕೆಳಗಿನ ಅರ್ಧದಲ್ಲೇ ಲೆಕ್ಕ ಮುಗಿಸುವುದನ್ನು ಕಲಿತೆ. ಹಿಂದಿನ ಬೆಂಚಿನವರು "ಕಾಣಲ್ಲ ಮಿಸ್" ಎಂದರೆ "ಗಮನ ಇದ್ರೆ ಕಾಣತ್ತೆ" ಎಂದು ಗದರುತ್ತಿದ್ದೆ. ಸಡಿಲವಾದದ್ದನ್ನು ನಿಲ್ಲಿಸಲು ಭುಜದ ಪಟ್ಟಿ ಬಿಗಿದು ಬಿಗಿದು, ಹೆಗಲಿನಿಂದ ಬೆರಳಿನವರೆಗೆ ಜೋಮು ಹಿಡಿಯತೊಡಗಿತು. ಡಾಕ್ಟರು ಕತ್ತಿನ ಎಕ್ಸ್‌ರೇ ತೆಗೆಸಿ ಏನೂ ಇಲ್ಲ ಎಂದರು. ಗಂಡ ಗ್ಯಾಸ್ ಎಂದರು. ಅತ್ತೆ ಎಣ್ಣೆ ತಿಕ್ಕುತ್ತಾ, ಪಟ್ಟಿ ಕೊರೆದ ಗೀರಿನ ಮೇಲೆ ಹೆಬ್ಬೆರಳು ನಿಲ್ಲಿಸಿ, "ಇದೇನವ್ವ, ನೊಗ ಕಟ್ದಂಗೆ ಆಗೈತಲ್ಲ" ಎಂದರು. ಚಾಕ್‌ಪೀಸು ಹಿಡಿಯಲಾಗದ ದಿನ ಸ್ವಯಂ ನಿವೃತ್ತಿಯ ಅರ್ಜಿ ಬರೆದು ಬೀರುವಿನಲ್ಲಿಟ್ಟೆ.

ಆ ಚಳಿಗಾಲದಲ್ಲಿ ಅತ್ತೆಗೊಂದು ಸ್ವೆಟರ್ ಕೊಳ್ಳಲು ಕೊಪ್ಪಕ್ಕೆ ಹೋದೆವು. ಸ್ವೆಟರಿನ ಜೊತೆಗೆ ಒಳಉಡುಪೂ ಮಾರುವ ಅಂಗಡಿಯ ಡೋಲ್ಮಾ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲೇ ಹುಟ್ಟಿ ಬೆಳೆದವಳು; ಕನ್ನಡದಲ್ಲಿ ನನಗಿಂತ ಅವಳೇ ನಮ್ಮ ಕಡೆಯವಳು.

"ಮೇಡಂ, ಬಂದಾಗಿಂದ ಆರು ಸಲ ಪಟ್ಟಿ ಎಳ್ಕೊಂಡ್ರಿ. ಒಳಿಕ್ ಬನ್ನಿ" ಎಂದು ಪರದೆಯ ಹಿಂದಕ್ಕೆ ಕರೆದು ಟೇಪು ಸುತ್ತಿದಳು. "ಎದೆ ಕೆಳಗೆ ಮೂವತ್ನಾಕು. ಮೂವತ್ತೆಂಟು ಯಾರು ಹೇಳುದ್ರು ನಿಮ್ಗೆ?"

ಯಾರೂ ಹೇಳಿರಲಿಲ್ಲ.

"ಎದೆ ಕೂರೋ ಕಪ್ಪು ಸರಿಯಾಗೈತೆ, ಸುತ್ತಳತೆನೇ ಸಡ್ಲ. ಸುತ್ತಳತೆ ಒಂದ್ ಸೈಜು ಇಳ್ಸುದ್ರೆ ಅಕ್ಷರ ಒಂದು ಏರುಸ್ಬೇಕು. ಮೂವತ್ತೆಂಟು ಬಿ, ಮೂವತ್ತಾರು ಸಿ, ಮೂವತ್ನಾಕು ಡಿ, ಮೂರಕ್ಕೂ ಕಪ್ಪು ಒಂದೇ. ನಿಮ್ದು ಡಿ ಕಣ್ರಿ."

"ಡಿ?" ಎಂದೆ, ಫೇಲಾದವಳ ಹಾಗೆ. ಅರ್ಧವೂ ಒಂದೇ, ನಾಲ್ಕನೇ ಎರಡೂ ಒಂದೇ ಎಂದು ವರ್ಷಗಟ್ಟಲೆ ಮಕ್ಕಳ ಕಿವಿ ಹಿಂಡಿದವಳಿಗೆ ಇದು ಹೊಳೆದಿರಲಿಲ್ಲ.

ಮೂವತ್ನಾಲ್ಕು ಡಿ ಅವಳಲ್ಲಿ ಇರಲಿಲ್ಲ. "ತರುಸ್ತೀನಿ. ಅಲ್ಲಿಗಂಟ ಮೂವತ್ತಾರು ಸಿ ಹಾಕ್ಕಳಿ, ಕೊನೆ ಕೊಕ್ಕೆಗೆ" ಎಂದಳು. ಹಾಕಿಕೊಂಡೆ. "ಕೈ ಎತ್ತಿ" ಎಂದಳು. ಎತ್ತಿದೆ. ಏನೂ ಅಲುಗಲಿಲ್ಲ. ಎರಡೂ ಕೈ ಎತ್ತಿದೆ. ಪೊಲೀಸರಿಗೆ ಶರಣಾದ ಕಳ್ಳಿಯಂತೆ ಆ ಪರದೆಯೊಳಗೆ ನಿಂತು ನಗುತ್ತಿದ್ದೆ. ಕಣ್ಣಲ್ಲಿ ನೀರು ಯಾಕೆ ಬಂತೋ.

ಆಗ ಹೊರಗಿನಿಂದ ಅತ್ತೆಯ ದನಿ ಕೇಳಿತು: "ಅವ್ವ, ನಂದೂ ಒಂಚೂರು ಅಳ್ದುಬುಡು."

ಅರವತ್ತೈದು ದಾಟಿದ ಅತ್ತೆ ರವಿಕೆ ಬಿಟ್ಟು ಇನ್ನೇನೂ ತೊಟ್ಟವರಲ್ಲ. ಅದು ಅವರ ಇಷ್ಟ ಎಂದೇ ನಾನು ತಿಳಿದಿದ್ದೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಯಾಚೆ ನೋಡುತ್ತಾ ಹೇಳಿದರು: "ಹೊಸದಾಗ್ ಮದ್ವೆಯಾದಾಗ ಹುಣಸೂರು ಸಂತೇಲಿ ಒಂದು ಬಾಡಿ ತಂದಿದ್ದೆ ಕಣವ್ವ. ಹೊಗೆಸೊಪ್ಪು ಕಟ್ಟಕ್ಕೆ ಕೈ ಎತ್ತುದ್ರೆ ಗಂಡಾಳುಗಳು ನೋಡೋರು, ಅದ್ಕೆ. ನಮ್ಮತ್ತೆ ಕಂಡ್ಬುಟ್ಟು, 'ಯಾರಿಗ್ ತೋರ್ಸಕ್ಕೆ ಇದು' ಅಂತ ಬಚ್ಚಲೊಲೆಗೆ ಹಾಕ್ಬುಟ್ರು. ಒಂದಿನಾನೂ ಹಾಕ್ಕಂಡಿರ್ಲಿಲ್ಲ."

ಹತ್ತೊಂಬತ್ತು ವರ್ಷ, ಇದೇ ಅತ್ತೆಯ ಕಣ್ಣಿಗೆ ಬೀಳಬಾರದೆಂದು ನನ್ನವನ್ನು ಟವೆಲ್ಲಿನ ಅಡಿಯಲ್ಲಿ ಒಣಗಿಸಿದವಳು ನಾನು. ಸರಿಯಾಗಿ ಒಣಗದೆ ಮುಗ್ಗಲು ವಾಸನೆ ಹೊಡೆದದ್ದನ್ನೇ ಮರ್ಯಾದೆ ಎಂದು ತೊಟ್ಟುಕೊಂಡಿದ್ದೆ.

ಜೋಮು ಮರುದಿನವೇ ಹೋಯಿತೆಂದರೆ ಸುಳ್ಳಾದೀತು. ಎರಡು ತಿಂಗಳು ಹಿಡಿಯಿತು. ಅರ್ಜಿ ಹರಿದು ಹಾಕಿದೆ.

ಈ ಭಾನುವಾರ ಮೆಕ್ಯಾನಿಕ್ಕು ಇನ್ನೂ ತಿರುಪು ಬಿಗಿಯುತ್ತಿದ್ದಾಗಲೇ ಅತ್ತೆಯ ಫೋನು ಹೊಡೆದುಕೊಂಡಿತು. ಎಚ್.ಡಿ. ಕೋಟೆಯಲ್ಲಿರುವ ಅವರ ತಂಗಿಯ ಮಗಳು ಅಂಗಡಿಯಿಂದಲೇ ಮಾಡಿದ್ದಳು. ಅತ್ತೆ ನಡುಮನೆಯಲ್ಲಿ ನಿಂತು, ಹೊಲದ ಆ ಬದುವಿಗೆ ಕೇಳಿಸುವ ಹಾಗೆ ಹೇಳತೊಡಗಿದರು: "ಮೂವತ್ತಾರು ಬಿ ಇಲ್ವಂತಾ? ಮೂವತ್ನಾಕು ಸಿ ಕೇಳು. ಕಪ್ಪು ಒಂದೇ ಕಣೇ. ಹಾಕ್ಕಂಡು ನೋಡ್ದೆ ತರಬ್ಯಾಡ. ಅಂಗಡಿಯವ್ನು ಮೇಲ್ ನೋಡ್ತಾವ್ನಾ? ನೋಡ್ಲಿ ಬುಡು, ನೀನು ಗಟ್ಟಿಯಾಗ್ ಕೇಳು."

ಮೆಕ್ಯಾನಿಕ್ಕು ತಲೆ ತಗ್ಗಿಸಿದ. ನನ್ನ ಗಂಡ ರಿಮೋಟು ಹುಡುಕಿ ಟಿವಿ ಸದ್ದು ಜೋರು ಮಾಡಿದರು.

ನಾನು ಎದ್ದು ಹೋಗಿ ಟಿವಿ ಆರಿಸಿದೆ.